ಸೀತನಿಯ ಹೊಲದಲ್ಲಿ ನನ್ನ ನಾಲ್ಕು ಚಾಕುಗಳು

ಸೊಲ್ಲಾಪುರದ ಮಂಗಳವಾರ ಬಾಜಾರದಲ್ಲಿ ಗೋಣಿತಟ್ಟಿನ ಮೇಲೆ ಹರಡಿ ಮಾರುವ ಅತಿ ಅಗ್ಗದ ಚಾಕುವಿಗೂ ವಿಲಾಯತಿ ಚಾಕು ನಾಚುವಂಥ ಧಾರೆ ತಂದು ತೋರಿಸುತ್ತೇನೆ ಎಂದು ನಾನು ಪಣ ತೊಟ್ಟದ್ದು ನಮ್ಮ ಚಾದರದ ಅಂಗಡಿಯ ಕಟ್ಟೆಯ ಮೇಲೆ ನಿಂತು. ಕಾರಣ, ಪಕ್ಕದ ಅಂಗಡಿಯ ಅಣ್ಣಾರಾಯ. ಮುಂಬಯಿ ಬಂದರಿನಲ್ಲಿ ಕೆಲಸಕ್ಕಿದ್ದ ಅವನ ಷಡ್ಡಕ ಅವನಿಗೊಂದು ಜರ್ಮನ್ ಚಾಕು ತಂದುಕೊಟ್ಟಿದ್ದ. ಅದರಿಂದ ಗಂಟಿನ ಹುರಿ ಕತ್ತರಿಸುವಾಗಲೆಲ್ಲ ಅಣ್ಣಾರಾಯ ಹುರಿಯನ್ನು ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದ. ಎಷ್ಟು ದಿನ ಸಹಿಸಲಿ? ಕಬ್ಬಿಣ ಎಲ್ಲಿಯದಾದರೇನು, ಮಸೆಯುವ ಕೈ ಮುಖ್ಯ ಎಂದು ನಾಲ್ಕು ಜನ ಗಿರಾಕಿಗಳ ಮುಂದೆ ಘೋಷಿಸಿಬಿಟ್ಟೆ.

ಅಂದೇ ನಾಲ್ಕು ಚಾಕು ಕೊಂಡೆ. ಮಡಚುವಂಥವಲ್ಲ, ಹಿಡಿಯಲ್ಲಿ ಅಲಗು ಕಾಯಂ ಆಗಿ ಕೂತಿರುವಂಥವು. ಮಾರುವವನು ಅವನ್ನು ಕಾಗದದಲ್ಲಿ ಸಹ ಸುತ್ತಲಿಲ್ಲ. ಸುತ್ತಬೇಕಾದಷ್ಟು ಅಪಾಯ ಅವುಗಳಲ್ಲಿರಲಿಲ್ಲ.

ಮನೆಯಲ್ಲಿ ಮಸೆಗಲ್ಲು ಇರಲಿಲ್ಲ. ಉಪ್ಪಿನಕಾಯಿಯ ಭರಣಿಯನ್ನು ಬೋರಲು ಹಾಕಿದರೆ ತಳದ ಸುತ್ತ ಮೆರುಗು ಹತ್ತದ ಒರಟು ಬಳೆ ಕಾಣುತ್ತದಲ್ಲ, ಅದೇ ಸಾಕು ಎಂದು ಯಾರೋ ಹೇಳಿದ್ದರು. ಉಪ್ಪಿನಕಾಯಿಯನ್ನು ಬೋಗುಣಿಗೆ ಸುರಿದೆ, ಭರಣಿಯನ್ನು ತಲೆಕೆಳಗು ಮಾಡಿದೆ, ತಿಕ್ಕಲು ಕುಳಿತೆ. ಅಲಗನ್ನು ತುಸುವೇ ಓರೆ ಹಿಡಿಯಬೇಕು. ಒಂದು ಮಗ್ಗುಲು ತಿಕ್ಕಿದರೆ ಇನ್ನೊಂದು ಮಗ್ಗುಲಿಗೆ ಕಣ್ಣಿಗೆ ಕಾಣದ ಮುಳ್ಳು ಏಳುತ್ತದೆ, ಬೆರಳು ಸವರಿದರೆ ಮಾತ್ರ ತಿಳಿಯುತ್ತದೆ. ಆಮೇಲೆ ತಿರುವಿ ಆ ಮುಳ್ಳನ್ನು ಕೂರಿಸಬೇಕು. ಕೊನೆಗೆ ಚರ್ಮದ ಪಟ್ಟಿಯ ಮೇಲೆ ನಯ ಮಾಡಬೇಕು. ಆ ಪಟ್ಟಿ ನನ್ನ ಸೊಂಟದ್ದೇ. ಕೆಲವು ದಿನಗಳಲ್ಲಿ ಅದು ಎಷ್ಟು ತೆಳುವಾಯಿತೆಂದರೆ ಗಿರಾಕಿಗಳ ಮುಂದೆ ಎದ್ದು ನಿಲ್ಲುವಾಗ ಒಂದು ಕೈ ಪ್ಯಾಂಟಿನ ಮೇಲೆ ಇಟ್ಟುಕೊಳ್ಳಬೇಕಾಯಿತು.

ಧಾರೆಯ ಪರೀಕ್ಷೆಯನ್ನು ಎಡ ಮುಂಗೈ ಕೂದಲಿನ ಮೇಲೆ ಮಾಡುತ್ತಿದ್ದೆ. ಎಡಗೈ ಬೋಳಾಯಿತು. ಬಲಗೈ ಮಾತ್ರ ಕಂಬಳಿ ಹೊದ್ದುಕೊಂಡಂತೆ ಉಳಿಯಿತು. ನನ್ನ ಹೆಂಡತಿ ಲೀಲಾಬಾಯಿ ಎರಡೂ ಕೈಗಳನ್ನು ನೋಡಿ ಹೇಳಿದಳು, "ಅಂಗಡ್ಯಾಗ ಯಾರರೆ ಕೇಳಿದ್ರ, ಅರ್ಧಾ ಸನ್ಯಾಸ ತಗೊಂಡೀನಿ ಅಂತ ಹೇಳ್ರಿ."

ಅವಳ ಅಡುಗೆಮನೆಯ ಮೊಂಡು ಚಾಕುವನ್ನೂ ಉದ್ಧಾರ ಮಾಡಿಕೊಡುತ್ತೇನೆ ಎಂದೆ. ಅವಳು ಅದನ್ನು ಸೆರಗಿನಡಿ ಮುಚ್ಚಿಕೊಂಡಳು. "ಇದನ್ನ ಮುಟ್ಟಬ್ಯಾಡ್ರಿ. ಎಲ್ಲಿ ನಿಲ್ಲಬೇಕು ಅಂಬೂದು ಇದಕ್ಕ ಗೊತ್ತದ" ಎಂದಳು. ಚಾಕುವಿಗೆ ಬುದ್ಧಿಯಿದೆ ಎನ್ನುವ ಹೆಣ್ಣುಮಗಳ ಬಗ್ಗೆ ನನಗೆ ಕರುಣೆ ಬಂತು.

ಕೂದಲು ಕತ್ತರಿಸಿದ ಮಾತ್ರಕ್ಕೆ ಚಾಕು ಪಾಸಾಗುವುದಿಲ್ಲ, ಬಯಲಿಗೆ ಹೋಗಬೇಕು. ಅದಕ್ಕೆ ಅವಕಾಶವೂ ಒದಗಿತು. ಲೀಲಾಬಾಯಿಯ ಅಣ್ಣ ಮಲಕಾಜಪ್ಪ ಅಕ್ಕಲಕೋಟೆಯಲ್ಲಿರುತ್ತಾನೆ, ಹೊಲ ತಡವಳದಲ್ಲಿ. ತಂದೆ ತೀರಿಕೊಂಡ ಮೇಲೆ ಕಡೆಯ ತಂಗಿ ಅಕ್ಕನಾಗಮ್ಮನನ್ನು ಸಾಕಿ ಓದಿಸಿದವನು ಅವನೇ. ಆಗಲೇ ಎರಡು ಮನೆಯವರು ಬಂದು ಹುಡುಗಿಯನ್ನು ನೋಡಿ, ತಿಳಿಸುತ್ತೇವೆ ಎಂದು ಹೋಗಿ, ತಿಳಿಸಿರಲಿಲ್ಲ. ಹುಡುಗಿಗೆ ಬಾಯಿ ಜಾಸ್ತಿ ಎಂಬ ಸುದ್ದಿ ಹಬ್ಬಿತ್ತು. ಮಲಕಾಜಪ್ಪನ ನಿದ್ದೆ ಹೋಗಿತ್ತು. ಈ ಸಲ ಮಂಗಳವೇಢೆಯ ಕಾಳಿನ ವ್ಯಾಪಾರಿ ನಾಗಣ್ಣನವರು ಹೆಂಡತಿ, ಮಗನೊಡನೆ ಬರುವವರಿದ್ದರು. ಊರವರ ಕಣ್ಣು ತಪ್ಪಿಸಲು ಹೊಲದಲ್ಲೇ ಸೀತನಿಯ ಊಟದ ನೆಪ. ಎಳೆಯ ಜೋಳದ ತೆನೆ ಸುಟ್ಟು ತಿನ್ನುವುದು, ಹಾಗೆಯೇ ಹೆಣ್ಣು ನೋಡುವುದು. ಬಾಯಿ ಬಿಡಬೇಡ ಎಂದು ಅಕ್ಕನಾಗಮ್ಮನಿಗೆ ಮನೆಮಂದಿಯೆಲ್ಲ ತಾಕೀತು ಮಾಡಿದ್ದರು.

ಬೀಗರಾಗುವವರಿಗೆ ಹೊದಿಸಲು ಅಂಗಡಿಯ ಅತ್ಯುತ್ತಮ ಚಾದರ ಚೀಲಕ್ಕೆ ಹಾಕಿದೆ. ಬಸ್ಸಿನಲ್ಲಿ ಯಾರಿಗೂ ಚುಚ್ಚದಿರಲಿ ಎಂಬ ಜವಾಬ್ದಾರಿಯಿಂದ ನಾಲ್ಕೂ ಚಾಕುಗಳನ್ನು ಪೇಪರಿನಲ್ಲಿ ಸುತ್ತಿ ಅದೇ ಚಾದರದ ಮಡಿಕೆಯೊಳಗೆ ತೂರಿಸಿದೆ. ಕುಂಭಾರಿಯಲ್ಲಿ ಬಸ್ಸಿಗೆ ಜನ ನುಗ್ಗಿದರು. ಚೀಲವನ್ನು ತೊಡೆಯ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದೆ. ರಸ್ತೆಯ ತಗ್ಗುಗಳಲ್ಲಿ ಬಸ್ಸು ಎತ್ತಿ ಹಾಕಿದಷ್ಟೂ ಇನ್ನಷ್ಟು ಒತ್ತಿದೆ.

ಹೊಲ ಮುಟ್ಟಿದವನೇ ಚಾಕುಗಳನ್ನು ತೆಗೆದುಕೊಂಡು ಪರೀಕ್ಷೆಗೆ ಇಳಿದೆ. ಜೋಳದ ದಂಟನ್ನು ನಾಲ್ಕೂ ಒಂದೇ ಏಟಿಗೆ ಕತ್ತರಿಸಿದವು. ಬಾವಿಯ ಪಕ್ಕದ ಕಬ್ಬಿಗೆ ಹೊಡೆದಾಗ ಒಂದರ ಹಿಡಿ ನನ್ನ ಕೈಯಲ್ಲಿ ಉಳಿಯಿತು, ಅಲಗು ಕಬ್ಬಿನಲ್ಲಿ. ಜಾಲಿ ಕೊಂಬೆಗೆ ಎರಡನೆಯದರ ಮೊನೆ ಬಾಲದಂತೆ ಡೊಂಕಾಯಿತು. ಮೂರನೆಯದು ಒಣ ಹಗ್ಗವನ್ನು ಅರ್ಧ ಕೊಯ್ದು ಧಾರೆಯನ್ನೆಲ್ಲ ಅಲ್ಲೇ ಬಿಟ್ಟಿತು. ನಾಲ್ಕನೆಯದು ಮಾತ್ರ ಏನು ಕೊಟ್ಟರೂ ಬೆಣ್ಣೆಯಂತೆ ಸೀಳಿತು. ನನ್ನ ಎದೆ ಉಬ್ಬಿತು. ಒಲೆಯ ಹತ್ತಿರ ಎಣ್ಣೆಗಾಯಿಗೆಂದು ಬದನೆಕಾಯಿ ಬುಟ್ಟಿ ಇತ್ತು. ಲೀಲಾಬಾಯಿ ಹಿಟ್ಟು ನಾದುವುದರಲ್ಲಿದ್ದಳು. ಕಾಯಿ ನಾನು ಸೀಳುತ್ತೇನೆ ಎಂದು ಕೂತುಬಿಟ್ಟೆ.

ಎಣ್ಣೆಗಾಯಿಗೆ ಬದನೆಕಾಯಿಯನ್ನು ನಾಲ್ಕು ಸೀಳು ಮಾಡಬೇಕು, ಆದರೆ ತೊಟ್ಟಿನ ಹತ್ತಿರ ನಿಲ್ಲಿಸಬೇಕು. ಮಸಾಲೆ ತುಂಬಿಕೊಂಡು ಕಾಯಿ ಇಡಿಯಾಗಿ ಉಳಿಯಬೇಕು. ನನ್ನ ಚಾಕು ನಿಲ್ಲಲೇ ಇಲ್ಲ. ಮುಟ್ಟಿದರೆ ಸಾಕು, ತೊಟ್ಟನ್ನೂ ದಾಟಿ ಹೋಗಿ ಕಾಯಿ ನಾಲ್ಕು ಹೋಳಾಗಿ ಬೀಳುತ್ತಿತ್ತು. ಒಂದು ಹಾಳಾಯಿತೆಂದು ಇನ್ನೊಂದು, ಇನ್ನೊಂದು ಹಾಳಾಯಿತೆಂದು ಮತ್ತೊಂದು ತೆಗೆದುಕೊಂಡೆ. ಲೀಲಾಬಾಯಿ ತಿರುಗಿ ನೋಡುವ ಹೊತ್ತಿಗೆ ಬುಟ್ಟಿ ಬರಿದಾಗುತ್ತ ಬಂದಿತ್ತು. ಅವಳು ಬೈಯಲಿಲ್ಲ. ಉಳಿದ ನಾಲ್ಕಾರು ಕಾಯಿಗಳನ್ನಾದರೂ ಉಳಿಸೋಣವೆಂದು ಚಾಕುವನ್ನು ನನ್ನ ಕೈಯಿಂದ ತೆಗೆದುಕೊಂಡಳು. ವರ್ಷಗಳ ರೂಢಿಯಂತೆ ಕಾಯಿಯನ್ನು ಹೆಬ್ಬೆರಳಿಗೆ ಆನಿಸಿ ತನ್ನ ಕಡೆಗೆ ಎಳೆದಳು. ಅವಳ ಮೊಂಡು ಚಾಕುವಾಗಿದ್ದರೆ ಬೆರಳ ಬಳಿ ನಿಲ್ಲುತ್ತಿತ್ತು.

ಇದು ನಿಲ್ಲಲಿಲ್ಲ, ರಕ್ತ ಚಿಮ್ಮಿತು. ಗಾಯ ಆಳವಾಗಿತ್ತು. ಅವಳು ಅರಿಷಿಣ ಒತ್ತಿ, ಬಟ್ಟೆ ಸುತ್ತಿಕೊಂಡು, ನನ್ನ ಮುಖ ನೋಡಿ, "ನೀವು ಮದಲ ಕುಂಡ್ರಿ, ಬಿದ್ದೀರಿ" ಎಂದಳು. ಇಷ್ಟು ವರ್ಷ ಅವಳ ಕೈಯೂ ಆ ಹಳೆಯ ಚಾಕುವೂ ಮಾಡಿಕೊಂಡಿದ್ದ ಒಪ್ಪಂದದಲ್ಲಿ ನಾನು ಬರಿ ಊಟಕ್ಕೆ ಕೂಡುವವನು ಎಂದು ಆಗ ತಿಳಿಯಿತು. ಹೋಳುಗಳನ್ನೆಲ್ಲ ಮಸಾಲೆಯೊಂದಿಗೆ ಗಡಿಗೆಗೆ ಸುರಿದು ಅದಕ್ಕೆ ಪಲ್ಯ ಎಂದು ಹೆಸರಿಟ್ಟಳು. ಆದರೆ ಆ ಕೈಯಿಂದ ರೊಟ್ಟಿ ಬಡಿಯುವಂತಿರಲಿಲ್ಲ. ಮಲಕಾಜಪ್ಪನ ಹೆಂಡತಿ ಬಾಣಂತಿಯಾಗಿ ತವರಿನಲ್ಲಿದ್ದಳು. ಉಳಿದವಳು ಒಬ್ಬಳೇ. ಹೊಸ ಸೀರೆ ಉಟ್ಟು ಗುಡಿಸಲೊಳಗೆ ಗೊಂಬೆಯಂತೆ ಕೂತಿರಬೇಕಾದ ಅಕ್ಕನಾಗಮ್ಮ ಸೆರಗು ಸಿಕ್ಕಿಸಿ ಹೊರಗೆ ಬಂದು ಒಲೆಯ ಮುಂದೆ ಕೂತಳು.

ಅದೇ ಹೊತ್ತಿಗೆ ಬೀಗರು ಬಂದರು. ನಾಗಣ್ಣನವರು, ಅವರ ಹೆಂಡತಿ ಕಸ್ತೂರಬಾಯಿ, ಬೆಲ್‌ಬಾಟಂ ಪ್ಯಾಂಟಿಗೆ ಜೋಳದ ಹೊಲದ ಅರ್ಧ ಧೂಳು ಹತ್ತಿಸಿಕೊಂಡಿದ್ದ ಮಗ ಬಸಣ್ಣ. ಮೂವರೂ ಕಂಡದ್ದು ಮೂಗಿನ ಮೇಲೆ ಹಿಟ್ಟು ಬಡಿದುಕೊಂಡು ರೊಟ್ಟಿ ತಟ್ಟುತ್ತಿದ್ದ ಹುಡುಗಿಯನ್ನು. ಮಲಕಾಜಪ್ಪನ ಮುಖ ಬಿಳಿಚಿತು. ಹೇಗಾದರೂ ಮಾನ ಉಳಿಸಬೇಕೆಂದು ನಾನು ಚಾದರ ತಂದೆ. ಸೊಲ್ಲಾಪುರದ ಚಾದರದ ಕೀರ್ತಿಯ ಬಗ್ಗೆ ಎರಡು ಮಾತಾಡಿದೆ. ನಾಗಣ್ಣನವರ ಹೆಗಲಿಗೆ ಹೊದಿಸಲು ಅದನ್ನು ಜಾಡಿಸಿ ಬಿಚ್ಚಿದೆ.

ಮಡಚಿದ ಬಟ್ಟೆಗೆ ಒಂದು ಕಡೆ ಚಾಕು ತಿವಿದರೆ ಬಿಚ್ಚಿದಾಗ ಎಷ್ಟು ಕಡೆ ತೂತು ಕಾಣುತ್ತದೆಂದು ನಾನು ಎಂದೂ ಯೋಚಿಸಿರಲಿಲ್ಲ. ಚಾದರದ ಉದ್ದಕ್ಕೂ ಸಾಲಾಗಿ, ಒಂದೇ ಅಳತೆಯ ಬಾಯಿಗಳು ತೆರೆದುಕೊಂಡಿದ್ದವು. ಅವುಗಳಿಂದ ಆಚೆಯ ಜೋಳದ ಹೊಲ ಕಾಣುತ್ತಿತ್ತು.

ಮಲಕಾಜಪ್ಪ ನೆಲ ನೋಡಿದ. ಆಗ ಒಲೆಯ ಕಡೆಯಿಂದ ನಗು ಕೇಳಿತು. ಅಕ್ಕನಾಗಮ್ಮ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. ನಗು ಬೆರಳ ಸಂದಿಯಿಂದ ಬಂತು. "ತಪ್ಪು ತಿಳೀಬ್ಯಾಡ್ರಿ, ನಮ್ಮ ಮಾಮಾ ಚಾಕೂನೂ ಇದ್ರಾಗೇ ಕಟಗೊಂಡು ಬಂದಿದ್ರು" ಎಂದು ಬಿಟ್ಟಳು. ಮಲಕಾಜಪ್ಪ ಕಣ್ಣು ಮುಚ್ಚಿದ. ಮೂರನೆಯ ಮನೆಯೂ ಹೋಯಿತು ಎಂದು ನಾನೂ ಅಂದುಕೊಂಡೆ. ನನ್ನ ಹುಚ್ಚಿಗೆ ಈ ಹುಡುಗಿಯ ಬಾಳು ಬೆಲೆ ತೆರಬೇಕಾಯಿತಲ್ಲ.

ನಾಗಣ್ಣನವರು ಚಾದರ ಹೊದ್ದುಕೊಂಡು ಒಂದು ತೂತಿನಿಂದ ಕೈ ಹೊರಗೆ ಹಾಕಿ ನೋಡಿದರು. "ಛಲೋ ಆತು. ಥಂಡ್ಯಾಗ ಹೊತಗೊಂಡ ಕುಂತು ಚಾ ಕುಡ್ಯಾಕ ಬರ್ತದ" ಎಂದರು.

ಕಸ್ತೂರಬಾಯಿ ಮಾತ್ರ ನಗಲಿಲ್ಲ. ಹೋಗಿ ಅಕ್ಕನಾಗಮ್ಮನ ಪಕ್ಕ ಕೂತರು. ಬಹಳ ಹುಡುಗಿಯರನ್ನು ನೋಡಿದ್ದಾಗಿದೆ, ಒಬ್ಬರ ಧ್ವನಿಯನ್ನೂ ಕೇಳಲಿಲ್ಲ ಎಂದರು. "ನಮ್ಮ ಮನ್ಯಾಗ ಮೂರ ಮಂದಿ ಇದ್ದೀವಿ. ಸಂಜೀಕ ದೀಪ ಹಚ್ಚಿದ ಮ್ಯಾಲ ಯಾರೂ ಮಾತಾಡೂದಿಲ್ಲವಾ. ನಗೂ ಮಂದಿ ಬೇಕಾಗೇದ. ನಿನಗ ಏನರೆ ಕೇಳೂದದ?"

ಅಕ್ಕನಾಗಮ್ಮ ಅಣ್ಣನನ್ನು ನೋಡಿದಳು, ನನ್ನನ್ನು ನೋಡಿದಳು. "ನಿಮ್ಮ ಮನ್ಯಾಗ ಚಾಕೂ ಯಾರು ಮಸೀತಾರ್ರಿ?"

ಅಲ್ಲಿಯವರೆಗೆ ಬಾಯಿ ಬಿಡದಿದ್ದ ಬಸಣ್ಣ ಹೇಳಿದ, "ಯಾರೂ ಮಸ್ಯೂದಿಲ್ರಿ. ಮೊಂಡ ಆದ್ರ ಹೊಸಾದ ತರತೀವಿ."

ಸೀತನಿ ತಿಂದದ್ದಾಯಿತು, ಪಲ್ಯ ಎರಡು ಸಲ ಬಡಿಸಿಕೊಂಡದ್ದಾಯಿತು, ಲಗ್ನದ ಮಾತು ಪಕ್ಕಾ ಆಯಿತು. ಹೊರಡುವಾಗ ಕಸ್ತೂರಬಾಯಿ ಲೀಲಾಬಾಯಿಯ ಬೆರಳಿನ ಬಟ್ಟೆ ಬಿಚ್ಚಿ ನೋಡಿ, ಮತ್ತೆ ತಾವೇ ಸುತ್ತಿ ಕಟ್ಟಿದರು. ಆಮೇಲೆ ಮಲಕಾಜಪ್ಪನ ಕಡೆ ತಿರುಗಿ, ತಮ್ಮದೊಂದು ಕರಾರು ಇದೆ ಎಂದರು. ಅವನು ಮುಂದೆ ಬಂದು, ಏನಿದ್ದರೂ ನಡೆಸಿಕೊಡುತ್ತೇನೆ ಎಂದು ಕೈ ಮುಗಿದ.

ಕಸ್ತೂರಬಾಯಿ ನನ್ನನ್ನು ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ ಹೇಳಿದರು: "ಲಗ್ನದಾಗ ಇವರಿಗಿ ಬಾಗಲದಾಗ ನಿಂತು ಗುಲಾಬ ನೀರ ಚಿಮಕಿಸೋ ಕೆಲಸ ಕೊಡ್ರಿ. ನೀರಿಗಿ ಮೊನಿ ಇರೂದಿಲ್ಲ."