ನಾವು ಗೆದ್ದ ಮೊಕದ್ದಮೆ

ಮನೆತನದ ಚರಿತ್ರೆ ಹುಡುಕುವವನಿಗೆ ತನ್ನ ಹಿರಿಯರೆಲ್ಲ ದೊಡ್ಡ ಮನುಷ್ಯರಾಗಿಯೇ ಸಿಗುತ್ತಾರೆಂಬ ನಂಬಿಕೆ ಇರುತ್ತದೆ. ನನಗೂ ಇತ್ತು. ಎಪ್ಪತ್ತರ ದಶಕ ಮುಗಿಯುತ್ತಿತ್ತು. ಪಿಯುಸಿ ಪರೀಕ್ಷೆ ಬರೆದು ಮನೆಯಲ್ಲಿದ್ದ ನನ್ನ ಹತ್ತಿರ ಬೆನ್ನು ಹರಿದ ಇಂಗ್ಲಿಷ್ ನಿಘಂಟೊಂದಿತ್ತು, ಹೊತ್ತೂ ಬೇಕಾದಷ್ಟಿತ್ತು.

ನಮ್ಮ ಮನೆ ಸುಳ್ಯದಿಂದ ಜಾಲ್ಸೂರಿಗೆ ಹೋಗುವ ದಾರಿಯಲ್ಲಿ. ಚಾವಡಿಯ ಮರದ ಪೆಟ್ಟಿಗೆಯಲ್ಲಿ ಪುತ್ತೂರಿನ ಕೋರ್ಟಿನ ತೀರ್ಪೊಂದರ ನಕಲು ಕೆಂಪು ಬಟ್ಟೆ ಸುತ್ತಿಕೊಂಡು ಮಲಗಿತ್ತು. ಬ್ರಿಟಿಷರ ಕಾಲದ್ದು, ಪೂರಾ ಇಂಗ್ಲಿಷಿನಲ್ಲಿ. ಅಜ್ಜಿಯ ಸೋದರಮಾವ, ನಾವು ಹಿರಿಯಜ್ಜ ಎನ್ನುತ್ತಿದ್ದವರು, ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡ ಹಾಕಿದ ಕಟ್ಟದ ನೀರಿಗಾಗಿ ಕೆಳಗಿನ ಮನೆಯವರ ಮೇಲೆ ಮೊಕದ್ದಮೆ ಹೂಡಿ ಗೆದ್ದ ಕಾಗದ ಅದು. ಗೆದ್ದೆನೆಂದು ಅವರೇ ಪುತ್ತೂರಿನಿಂದ ನಡೆದು ಬಂದು ಹೇಳಿದ್ದರು. ಅಂದಿನಿಂದ ವಾರಕ್ಕೆ ಐದು ದಿನ ನೀರು ನಮಗೆ, ಎರಡು ದಿನ ಅವರಿಗೆ. ಆ ಕಾಗದವನ್ನು ಮನೆಯಲ್ಲಿ ಯಾರೂ ಓದಿರಲಿಲ್ಲ. ಓದುವ ಬದಲು ದೀಪಾವಳಿಗೆ ಗಂಧ ಹಚ್ಚಿ ಹೂ ಇಡುತ್ತಿದ್ದರು. ನನ್ನ ಪಿಯುಸಿಯ ಮಾರ್ಕ್ಸ್ ಕಾರ್ಡು ಬಂದಾಗ ಅದೂ ಇಂಗ್ಲಿಷೆಂದು ಅಜ್ಜಿ ಒಂದು ತುಳಸಿ ಕುಡಿ ಇಟ್ಟು ಅದೇ ಪೆಟ್ಟಿಗೆಗೆ ಸೇರಿಸಿದರು.

ಆ ವರ್ಷ ಬೇಸಗೆಯಲ್ಲಿ ತೋಡು ಸಣ್ಣದಾಯಿತು. ಕೆಳಗಿನ ಮನೆಯ ಸೀತಕ್ಕ ಅಂಗಳಕ್ಕೆ ಬಂದು ನಿಂತರು. ಮನೆಯ ಯಜಮಾನ ನನ್ನ ದೊಡ್ಡಮಾವ, ಅಮ್ಮನ ಅಣ್ಣ, ಅಡಿಕೆ ಕತ್ತರಿಸುತ್ತಿದ್ದರು.

“ಅಣ್ಣ, ನಮ್ಮ ಗದ್ದೆ ಒಣಗ್ತಾ ಉಂಟು. ಒಂದು ದಿನ ಹೆಚ್ಚಿಗೆ ನೀರು ಬಿಡಿ.”

“ಕೋರ್ಟಿನ ಮಾತು ಮೀರ್ಲಿಕ್ಕೆ ನಾನು ಯಾರು ಮಾರಾಯ್ತಿ?”

“ಕೋರ್ಟು ಎಂತ ಹೇಳಿದೆ ಅಂತ ನೋಡಿದವರು ಯಾರು? ನಮ್ಮ ಕಾಗದ ಗೆದ್ದಲು ತಿಂದಿತು.”

“ನಮ್ಮದುಂಟಲ್ಲ. ಹುಡುಗ ಓದ್ತಾನೆ. ಆದಿತ್ಯವಾರ ಬಾ, ನಾಲ್ಕು ಜನರನ್ನೂ ಕರ್ಕೊಂಡು ಬಾ.”

ನನಗಿದ್ದದ್ದು ನಾಲ್ಕು ದಿನ. ನ್ಯಾಯಾಧೀಶರ ಒಂದು ವಾಕ್ಯ ಮೊದಲ ಪುಟದಲ್ಲಿ ಹೊರಟು, ಎರಡನೆಯದರಲ್ಲಿ ದಣಿವಾರಿಸಿಕೊಂಡು, ಮೂರನೆಯದರಲ್ಲಿ ಮನೆ ಮುಟ್ಟುತ್ತಿತ್ತು. ಆದರೂ ನಮ್ಮವರು ಕಡಬದ ಕಡೆಯಿಂದ ಬಂದವರೆಂದು ತಿಳಿಯಿತು. ಹಿರಿಯಜ್ಜನಿಗೆ ರುಜು ಬರುತ್ತಿರಲಿಲ್ಲವೆಂದೂ ತಿಳಿಯಿತು. ಅವರ ವಿಷಯ ಇನ್ನೇನಿದೆಯೆಂದು ಆಸೆಯಿಂದ ನೋಡಿದರೆ, ‘ಈ ಮನುಷ್ಯನ ಮಾತು ನಂಬುವಂಥದ್ದಲ್ಲ’ ಎಂದಿತ್ತು. ಕೊನೆಯ ಪುಟದಲ್ಲಿ ಮೊಕದ್ದಮೆ ವಜಾ. ನೀರು ದಿನ ಬಿಟ್ಟು ದಿನ, ಎರಡೂ ಮನೆಗೆ ಸಮಸಮ. ನಿಘಂಟನ್ನು ಮೂರು ಸಲ ತಿರುವಿದೆ. ಅದು ನಮ್ಮ ಕಡೆ ಬರಲಿಲ್ಲ.

ಅಜ್ಜಿಗೆ ಮೆಲ್ಲಗೆ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, “ಇಷ್ಟು ವರ್ಷ ಅದಕ್ಕೆ ಹೂ ಇಟ್ಟದ್ದು ನಾನು. ಈಗ ಅದು ಹೇಳಿದ್ದನ್ನು ಕೇಳ್ಬೇಕಲ್ಲ? ಉಂಟಾದ್ದನ್ನು ಓದು” ಎಂದರು.

ಆದಿತ್ಯವಾರ ಚಾವಡಿ ತುಂಬಾ ಜನ. ಓದಿ, ಕನ್ನಡದಲ್ಲಿ ಹೇಳಿದೆ. ಹಿರಿಯಜ್ಜನ ಮಾತು ನಂಬುವಂಥದ್ದಲ್ಲ ಎಂಬ ಸಾಲನ್ನು ನುಂಗಿಕೊಂಡೆ, ಅಷ್ಟು ಮನೆತನದ ಅಭಿಮಾನ ಉಳಿದಿತ್ತು. ಸೀತಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

“ಇವನ ಇಂಗ್ಲಿಷ್ ಸಮ ಇಲ್ಲ” ಎಂದು ದೊಡ್ಡಮಾವ ಎದ್ದರು. ಮರುದಿನ ಬೆಳಿಗ್ಗೆ ಕಾಗದವನ್ನು ಕಂಕುಳಲ್ಲಿಟ್ಟುಕೊಂಡು ಪುತ್ತೂರಿನ ಬಸ್ಸು ಹತ್ತಿದರು. ಅಲ್ಲಿ ಅವರ ಗುರುತಿನ ವಕೀಲರ ಗುಮಾಸ್ತರೊಬ್ಬರಿದ್ದರು.

ಸಂಜೆ ಬಂದವರು ಮನೆಗೆ ಬಾರದೆ ನೇರ ಕಟ್ಟದ ಹತ್ತಿರ ಹೋಗಿ ಹಲಗೆ ಸರಿಸಿದರು. ನೀರು ಕೆಳಗಿನ ಗದ್ದೆಗೆ ಓಡಿತು. ಪಾಪ, ನೆರೆಯವರಲ್ಲವಾ ಎಂದು ತಾನಾಗಿಯೇ ಬಿಟ್ಟದ್ದಾಗಿ ಊರಿಗೆಲ್ಲ ಹೇಳಿದರು. ಹಿರಿಯಜ್ಜನ ರಕ್ತ ಇನ್ನೂ ಹರಿಯುತ್ತಿದೆ ಎಂಬುದಕ್ಕೆ ನನಗೆ ಬೇರೆ ದಾಖಲೆ ಬೇಕಾಗಲಿಲ್ಲ. ನಮ್ಮ ಭಕ್ತಿಯಿಂದ ಉಳಿದ ಕಾಗದ ನಮ್ಮನ್ನೇ ಸೋಲಿಸಿ ಪುನಃ ಪೆಟ್ಟಿಗೆ ಸೇರಿತು.

ರಾತ್ರಿ ಊಟಕ್ಕೆ ಕುಳಿತಾಗ ದೊಡ್ಡಮಾವ, ನನ್ನ ಮುಖ ನೋಡದೆ, “ನೀನು ಓದಿದ್ದು ಒಂದಕ್ಷರ ತಪ್ಪಿಲ್ಲ ಅಂತೆ. ಹುಡುಗನಿಗೆ ಇಂಗ್ಲಿಷಲ್ಲಿ ಎಷ್ಟು ಮಾರ್ಕ್ಸು ಅಂತ ಗುಮಾಸ್ತರು ಕೇಳಿದ್ರು. ಆ ಕಾರ್ಡು ತೆಗ್ದಿಡು, ಮುಂದಿನ ವಾರ ಹೋಗುವಾಗ ತೋರಿಸ್ತೇನೆ” ಎಂದರು.

ಕಾರ್ಡು ತುಳಸಿ ಕುಡಿಯ ಕೆಳಗೆ ಸುಖವಾಗಿತ್ತು. ಪಾಸಾ ಎಂದು ಮನೆಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ಇಂಗ್ಲಿಷಿನ ಎದುರು ಫೇಲ್ ಎಂದು ಚಂದವಾಗಿ ಬರೆದಿತ್ತು. ಆ ವಾರವೆಲ್ಲ ದಿನಕ್ಕೆರಡು ಸಲ ಪೆಟ್ಟಿಗೆ ತೆರೆದು ನೋಡಿದೆ. ಕೆಳಗಿನ ಮನೆಗೆ ಬಂದ ಗೆದ್ದಲು ನಮ್ಮ ಮನೆಗೆ ಬರುವ ಲಕ್ಷಣವೇ ಕಾಣಲಿಲ್ಲ.