ಭಾವಮೈದನ ಮೀಸೆಯ ಅಚ್ಚು

ಐವತ್ತನಾಲ್ಕನೆಯ ವಯಸ್ಸಿನಲ್ಲಿ, ಒಂದು ಸೋಮವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದ ಸೆಟ್ಟಪ್ಪನವರು, ತಾವು ಮತ್ತೆ ಶಿಲ್ಪಿಯಾಗುವುದೆಂದು ಘೋಷಿಸಿಬಿಟ್ಟರು. ಬಾಯ್ತುಂಬ ನೊರೆ ಇದ್ದುದರಿಂದ ಈ ಐತಿಹಾಸಿಕ ಘೋಷಣೆ ಹೆಂಡತಿಗೆ ಗೊಳಗೊಳ ಎಂದಷ್ಟೇ ಕೇಳಿಸಿತು. ಬಾಯಿ ಮುಕ್ಕಳಿಸಿಕೊಂಡು ಬಂದು, ಅಡುಗೆಮನೆಯ ಬಾಗಿಲಲ್ಲಿ ಎದೆ ಸೆಟೆಸಿ ನಿಂತು, ಇನ್ನೊಮ್ಮೆ ಘೋಷಿಸಿದರು.

"ಭಾನುವಾರ ಲೈಬ್ರರಿಯಲ್ಲಿ ಹವ್ಯಾಸಿ ಕಲಾವಿದರ ಪ್ರದರ್ಶನ ಇದೆ. ನಾನು ಹೆಸರು ಕೊಟ್ಟು ಬಂದಿದೀನಿ."

"ಏನಂತ ಕೊಟ್ರಿ?"

"ಶಿಲ್ಪಿ ಅಂತ."

ಹೆಂಡತಿ ಗಣಿತದ ಟೀಚರು. ತಾಳೆಯಾಗದ ಮಾತನ್ನು ಸುಲಭಕ್ಕೆ ಒಪ್ಪುವವರಲ್ಲ. "ಹೋದ ವರ್ಷ ಚಿತ್ರಕಾರ ಆಗಿದ್ರಿ. ಎದುರುಮನೆ ನೀರಿನ ಟ್ಯಾಂಕ್ ಬರೆದ್ರಿ. ನಾನು ಕುಕ್ಕರ್ ಅಂದ್ಕೊಂಡೆ" ಎಂದರು.

"ಅದು ಬಣ್ಣದ ಕೆಲಸ ಕಣೇ. ಇದು ಕೈ ಕೆಲಸ. ಈ ಕೈಗೆ ಮೂವತ್ತು ವರ್ಷದ ಅಭ್ಯಾಸ ಇದೆ."

ಆ ಮಾತೇನೋ ನಿಜ. ಸೆಟ್ಟಪ್ಪನವರು ದಂತವೈದ್ಯರಲ್ಲ. ದಂತವೈದ್ಯರು ಕಳಿಸುವ ಅಳತೆಗೆ ತಕ್ಕಂತೆ ಕೃತಕ ಹಲ್ಲು ತಯಾರಿಸುವ ಲ್ಯಾಬಿನ ಹಿರಿಯ ಕೆಲಸಗಾರರು. ಹಲ್ಲಿನ ಸೆಟ್ಟು ಮಾಡುವವರಾದ್ದರಿಂದ ಬೀದಿಯವರೆಲ್ಲ ಸೇರಿ ಇಟ್ಟ ಹೆಸರೇ ಸೆಟ್ಟಪ್ಪ. ಬಸ್ಸಿನಲ್ಲಿ ವಯಸ್ಸಾದವರು ಯಾರಾದರೂ ಆಕಳಿಸಿದರೆ ಸಾಕು, "ಇದು ನಮ್ಮದೇ" ಎಂದು ಅವರ ಎದೆ ಉಬ್ಬುತ್ತಿತ್ತು. ಆದರೆ ಆ ಕೆಲಸಕ್ಕೆ ಒಂದು ಶಾಪವಿದೆ. ಹಲ್ಲು ಚೆನ್ನಾಗಿ ಬಂದಿದ್ದರೆ, ಅದನ್ನು ಒಬ್ಬರು ಕೂತು ಮಾಡಿದ್ದಾರೆಂದು ಯಾರಿಗೂ ಗೊತ್ತಾಗಬಾರದು. ಗೊತ್ತಾಯಿತೋ, ಕೆಲಸ ಕೆಟ್ಟಿದೆ ಎಂದೇ ಅರ್ಥ. ಹೀಗಾಗಿ ಮೂವತ್ತು ವರ್ಷದಲ್ಲಿ "ಇದನ್ನು ಮಾಡಿದ ಪುಣ್ಯಾತ್ಮ ಯಾರು" ಎಂದು ಒಬ್ಬರೂ ಕೇಳಿರಲಿಲ್ಲ. ಸಾಯುವುದರೊಳಗೆ ಒಂದು ಸಲವಾದರೂ ಆ ಮಾತು ಕಿವಿಗೆ ಬೀಳಬೇಕು ಎಂಬುದು ಸೆಟ್ಟಪ್ಪನವರ ಆಸೆ.

ಶಿಲ್ಪಕಲೆ ಅವರಿಗೆ ಹೊಸದೂ ಅಲ್ಲ. ಹದಿನೈದನೆಯ ವಯಸ್ಸಿನಲ್ಲಿ ಜೇಡಿಮಣ್ಣಿನಿಂದ ತಮ್ಮ ಶಾಲೆಯ ಹೆಡ್‌ಮಾಸ್ಟರರ ತಲೆ ಮಾಡಿದ್ದರು. ಕಿವಿಗಳು ಎಷ್ಟು ಸಹಜವಾಗಿ ಬಂದಿದ್ದವೆಂದರೆ, ಹೆಡ್‌ಮಾಸ್ಟರರು ಅವನ್ನು ನೋಡಿದ ತಕ್ಷಣ ತಮ್ಮವೇ ಎಂದು ಗುರುತಿಸಿ, ಹುಡುಗ ಸೆಟ್ಟಪ್ಪನ ಕಿವಿಯನ್ನು ಅದೇ ಆಕಾರಕ್ಕೆ ಬರುವ ತನಕ ಹಿಂಡಿದ್ದರು. ಅದು ಅವರ ಕಲೆಗೆ ಸಿಕ್ಕ ಮೊದಲ ವಿಮರ್ಶೆ. ಆಮೇಲೆ ಓದು, ಕೆಲಸ, ಸಂಸಾರ ಎಂದು ಮಣ್ಣು ಮುಟ್ಟಿದವರೇ ಅಲ್ಲ.

ಈಗ ಯಾರ ತಲೆ ಮಾಡುವುದು ಎಂಬ ಪ್ರಶ್ನೆ ಬಂತು. ಮೊದಲು ಹೆಂಡತಿಯನ್ನೇ ಕೇಳಿದರು.

"ನನ್ನ ತಲೆ ತಿಂದಿರೋದೇ ಸಾಕು" ಎಂದರು ಆಕೆ. "ಹೊಸದಾಗಿ ಮಾಡೋದು ಬೇಡ."

ಉಳಿದವನು ಹೆಂಡತಿಯ ತಮ್ಮ. ಅವನು ದೊಡ್ಡ ಹೋಟೆಲೊಂದರ ಬಾಗಿಲಲ್ಲಿ ಕೆಂಪು ಕೋಟು ತೊಟ್ಟು, ಬಂದವರಿಗೆ ಸಲಾಮು ಹೊಡೆದು ಬಾಗಿಲು ತೆಗೆಯುವವನು. ಕೋಟು ಹೋಟೆಲಿನದು, ಮೀಸೆ ಸ್ವಂತದ್ದು. ಮೂಗಿನ ಕೆಳಗೆ ಶುರುವಾಗಿ ಕೆನ್ನೆ ದಾಟಿ, ಕಿವಿಯ ಯೋಗಕ್ಷೇಮ ವಿಚಾರಿಸಿಕೊಂಡು ಮೇಲಕ್ಕೆ ಸುರುಳಿ ಸುತ್ತುವ ಮೀಸೆ. ಹೋಟೆಲಿನ ಜಾಹೀರಾತಿನಲ್ಲಿ ಕೋಣೆಗಳ ಚಿತ್ರ ಬರುವುದಕ್ಕಿಂತ ಮೊದಲು ಅವನ ಮೀಸೆಯ ಚಿತ್ರ ಬರುತ್ತಿತ್ತು. ಅದಿಲ್ಲದಿದ್ದರೆ ಅವನನ್ನು ಆ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದಿರಲಿ, ಒಳಗೆ ಬಿಡುವುದೂ ಅನುಮಾನವಿತ್ತು. "ಭಾವ, ನನ್ನ ಮೂರ್ತಿ ಮಾಡ್ತೀರಾ?" ಎಂದು ಹಿಗ್ಗಿಹೋದವನು, ಬುಧವಾರ ತನ್ನ ವಾರದ ರಜೆಯ ದಿನ ಹೇಳಿದ ಹೊತ್ತಿಗೆ ಒಂದು ಗಂಟೆ ಮುಂಚೆಯೇ ಬಂದು ಊಟದ ಮೇಜಿನ ಮೇಲೆ ಅಂಗಾತ ಮಲಗಿದ.

ಸೆಟ್ಟಪ್ಪನವರು ಯೋಜನೆ ವಿವರಿಸಿದರು. ಮುಖದ ಮೇಲೆ ಪ್ಲಾಸ್ಟರ್ ಮೆತ್ತಿ ಅಚ್ಚು ತೆಗೆಯುವುದು. ಆ ಅಚ್ಚಿನೊಳಗೆ ಮತ್ತೆ ಪ್ಲಾಸ್ಟರ್ ಸುರಿದರೆ ಮುಖ ಸಿದ್ಧ.

"ಇದಕ್ಕೆ ನಮ್ಮ ಸ್ಕೂಲಲ್ಲಿ ಕಾಪಿ ಹೊಡೆಯೋದು ಅಂತಾರೆ" ಎಂದರು ಟೀಚರು.

"ಅಚ್ಚು ಬರೀ ಅಡಿಪಾಯ. ಜೀವ ತುಂಬೋದು ಆಮೇಲೆ."

"ಕೂದಲಿಗೆ ಎಣ್ಣೆ ಹಚ್ಚಬೇಡ್ವಾ?" ಎನ್ನುತ್ತಲೇ ಆಕೆ ತಮ್ಮನ ಹುಬ್ಬಿಗೆ ಎಣ್ಣೆ ಸವರಿ, ಅದೇ ಕೈಯನ್ನು ಮೀಸೆಯ ಕಡೆಗೆ ತಂದರು. ಅವನು ಎರಡೂ ಅಂಗೈಯಿಂದ ಮೀಸೆಯನ್ನು ಮುಚ್ಚಿಕೊಂಡ.

"ಬೇಡ ಅಕ್ಕ. ಇದಕ್ಕೆ ಎಣ್ಣೆ ತಾಗಿದ್ರೆ ಎರಡು ದಿನ ಜೋತುಬೀಳುತ್ತೆ. ನಾಳೆ ಡ್ಯೂಟಿ ಇದೆ."

"ಎಣ್ಣೆಗಿಣ್ಣೆ ಏನೂ ಬೇಡ" ಎಂದು ಸೆಟ್ಟಪ್ಪನವರು ತೀರ್ಪು ಕೊಟ್ಟರು. "ಸಾವಿರಾರು ಬಾಯಿನ ಅಚ್ಚು ನನ್ನ ಕೈಮೇಲೆ ಹೋಗಿದೆ. ಒಂದಕ್ಕಾದ್ರೂ ಎಣ್ಣೆ ಹಚ್ಚಿದ್ದು ನೋಡಿಲ್ಲ."

ಬಾಯೊಳಗೆ ಮೀಸೆ ಬೆಳೆಯುವುದಿಲ್ಲ ಎಂಬ ಸಣ್ಣ ಸಂಗತಿ ಆ ಕ್ಷಣದಲ್ಲಿ ಮೂವರಿಗೂ ಹೊಳೆಯಲಿಲ್ಲ. ಗಣಿತದ ಟೀಚರಿಗೂ ಹೊಳೆಯಲಿಲ್ಲವಲ್ಲ ಎಂಬುದೊಂದೇ ಸೆಟ್ಟಪ್ಪನವರಿಗೆ ಇವತ್ತಿಗೂ ಉಳಿದಿರುವ ಸಮಾಧಾನ.

ಪ್ಲಾಸ್ಟರ್ ಕೂಡ ಅಂತಿಂಥದ್ದಲ್ಲ. ಲ್ಯಾಬಿನಲ್ಲಿ ದವಡೆಯ ಮಾದರಿ ಎರಕ ಹೊಯ್ಯುವಂಥದ್ದು. ಹಲ್ಲಿನ ಸಂದುಗೊಂದು ಬಿಡದೆ ನುಗ್ಗಿ, ಹತ್ತು ನಿಮಿಷದಲ್ಲಿ ಕಲ್ಲಾಗುತ್ತದೆ. ಭಾವಮೈದನ ಮೂಗಿಗೆ ಎರಡು ಕೊಳವೆ ಇಟ್ಟರು. ಒಂದು ಬೆರಳೆತ್ತಿದರೆ ಕ್ಷೇಮ, ಎರಡೆತ್ತಿದರೆ ತುರಿಕೆ, ಮುಷ್ಟಿ ಹಿಡಿದರೆ ಅಪಾಯ ಎಂದು ಒಪ್ಪಂದವಾಯಿತು. ಹಣೆಯಿಂದ ಗದ್ದದವರೆಗೆ ಮೆತ್ತಿ ಮುಗಿಸಿದಾಗ ಸೆಟ್ಟಪ್ಪನವರ ಕಣ್ಣು ತೇವವಾಯಿತು. ಮೂವತ್ತೊಂಬತ್ತು ವರ್ಷಗಳ ಮೇಲೆ ಮತ್ತೆ ಒಂದು ಇಡೀ ಮುಖ ಅವರ ಕೈಯಡಿ ಇತ್ತು.

ಅಷ್ಟರಲ್ಲಿ ಭಾವಮೈದನ ಜೇಬಿನ ಫೋನ್ ಹೊಡೆದುಕೊಂಡಿತು. ಅವನ ಹೋಟೆಲಿನ ಮ್ಯಾನೇಜರು. ಟೀಚರು ಫೋನ್ ತೆಗೆದು, ಅವನಿಗೂ ಕೇಳಲೆಂದು ಜೋರಾಗಿಟ್ಟರು.

"ಶನಿವಾರ ಹೊಸ ಕ್ಯಾಲೆಂಡರಿಗೆ ಫೋಟೋ ತೆಗೆಯೋರು ಬರ್ತಿದಾರೆ. ಮುಖಪುಟಕ್ಕೆ ಮೀಸೆ. ಚೆನ್ನಾಗಿ ತಿದ್ದಿಕೊಂಡು ಬರೋಕೆ ಹೇಳಿ" ಎಂದರು ಮ್ಯಾನೇಜರು.

ಪ್ಲಾಸ್ಟರಿನ ಕೆಳಗಿದ್ದವನ ಒಂದು ಬೆರಳು ಹೆಮ್ಮೆಯಿಂದ ಮೇಲೆದ್ದಿತು. ಐದು ನಿಮಿಷದ ನಂತರ ಅದೇ ಕೈ ಮುಷ್ಟಿಯಾಯಿತು.

ಅಚ್ಚನ್ನು ಹಣೆಯ ಕಡೆಯಿಂದ ಎತ್ತಿದರು, ಸಲೀಸಾಗಿ ಬಂತು. ಗದ್ದದ ಕಡೆಯಿಂದ ಎತ್ತಿದರು, ಬಂತು. ನಡುವೆ ಮಾತ್ರ ಜಪ್ಪಯ್ಯ ಅಂದರೂ ಅಲುಗಲಿಲ್ಲ. ಎಳೆದರೆ ಅಚ್ಚಿನ ಜೊತೆ ಭಾವಮೈದನೂ ಎದ್ದು ಕೂರುತ್ತಿದ್ದ. ಬಿಟ್ಟರೆ ಅಚ್ಚಿನ ಜೊತೆಗೇ ಮಲಗುತ್ತಿದ್ದ. ಇಂಥ ನಾಲ್ಕು ದಂಡ ಹೊಡೆಸಿದ ಮೇಲೆ ಟೀಚರು ಹೋಗಿ ಉಗುರು ಕತ್ತರಿಸುವ ಕತ್ತರಿ ತಂದರು. ಅಚ್ಚಿನ ಸಂದಿನಲ್ಲಿ ಕತ್ತರಿ ತೂರಿಸಿ, ಕಣ್ಣು ಮುಚ್ಚಿಕೊಂಡು ಕಚಕಚ ಎನ್ನಿಸಿದರು.

"ಭಾವ, ನಿಜ ಹೇಳಿ" ಎಂದ ಅವನು, ಕಣ್ಣು ಬಿಡದೆ. "ಮೀಸೆ ಬಂತಾ?"

"ಬಂತು" ಎಂದರು ಸೆಟ್ಟಪ್ಪನವರು, ಅಚ್ಚಿನೊಳಗೆ ಇಣುಕಿ. "ಆದ್ರೆ ನಮ್ಮ ಕಡೆ ಬಂತು."

ಅವನು ಕನ್ನಡಿ ಹಿಡಿದುಕೊಂಡು ಕೂತ. ಟೀಚರು ಹತ್ತಿರ ಬಂದು, ಅವನ ಬೋಳು ತುಟಿಯನ್ನು ದಿಟ್ಟಿಸಿ, "ಅಯ್ಯೋ, ನೀನು ಥೇಟ್ ನನ್ನ ಥರಾನೇ ಇದೀಯಲ್ಲೋ" ಎಂದರು. ಅದನ್ನು ಕೇಳಿ ಅವನಿಗೆ ಅಳು ಬಂತು. ತಮಾಷೆಗೆ ಬಂದ ಅಳುವಲ್ಲ. ಹೊಟ್ಟೆಪಾಡಿನ ಮಾತಾಗಿತ್ತು. ಇಪ್ಪತ್ತೆರಡು ವರ್ಷ ಮಗುವಿನಂತೆ ಸಾಕಿ ಬೆಳೆಸಿದ ಮೀಸೆ, ಮೂರು ದಿನದಲ್ಲಿ ಎಲ್ಲಿಂದ ಬರಬೇಕು?

ಸೆಟ್ಟಪ್ಪನವರು ಭಾವಮೈದನಿಗೆ ಜ್ವರ ಎಂದು ಹೋಟೆಲಿಗೆ ಫೋನ್ ಮಾಡಿಸಿದರು. ತಾವೂ ಲ್ಯಾಬಿಗೆ ರಜೆ ಹಾಕಿದರು. "ಅಳಬೇಡ. ಕಳೆದುಹೋದದ್ದನ್ನ ವಾಪಸ್ ಕೂರಿಸೋದೇ ನನ್ನ ಕೆಲಸ. ಇಷ್ಟು ದಿನ ತುಟಿಯ ಒಳಗೆ ಕೂರಿಸ್ತಿದ್ದೆ, ಈಗ ಹೊರಗೆ" ಎಂದರು.

ಅಚ್ಚಿನಲ್ಲಿ ಮೀಸೆ ಹೂತಿದ್ದ ಭಾಗವನ್ನಷ್ಟೇ ಗರಗಸದಿಂದ ಕೊಯ್ದು ತೆಗೆದು, ಲ್ಯಾಬಿನ ಸೂಜಿಮೊನೆಯ ಹತಾರದಿಂದ ಕೂದಲನ್ನು ಒಂದೊಂದಾಗಿ ಹೆಕ್ಕಿದರು. ಟೀಚರು ತೊಳೆದು, ಒರೆಸಿ, ಉದ್ದದ ಪ್ರಕಾರ ಪತ್ರಿಕೆಯ ಮೇಲೆ ಸಾಲಾಗಿಟ್ಟರು. ಎಂಟುನೂರ ಹದಿನಾಲ್ಕು. ಆಕೆ ಎರಡು ಸಲ ಎಣಿಸಿದರು, ತಪ್ಪಲಿಲ್ಲ.

ಮೊದಲ ಪ್ರಯತ್ನದಲ್ಲಿ, ಹಲ್ಲಿನ ಸೆಟ್ಟಿಗೆ ಬಳಸುವ ಗುಲಾಬಿ ಬಣ್ಣದ ಪ್ಲಾಸ್ಟಿಕ್ಕಿನ ಮೇಲೆ ಕೂದಲು ಕೂರಿಸಿದರು.

"ಒಸಡಿಗೆ ಕೂದಲು ಹುಟ್ಟಿದ ಹಾಗಿದೆ" ಎಂದು ಟೀಚರು ಮುಖ ತಿರುಗಿಸಿದರು. ಸ್ವಲ್ಪ ಹೊತ್ತು ಬಿಟ್ಟು, ಹಳೆಯ ಸೊಳ್ಳೆಪರದೆಯ ಮೂಲೆ ಕತ್ತರಿಸಿ ತಂದು ಮೇಜಿನ ಮೇಲಿಟ್ಟರು. "ಇದರ ಕಣ್ಣಿಗೆ ಗಂಟು ಹಾಕಿ. ಚರ್ಮ ಕಾಣುತ್ತೆ."

ಅಲ್ಲಿಂದ ಶುರುವಾಯಿತು ನಿಜವಾದ ಕೆಲಸ. ಸೆಟ್ಟಪ್ಪನವರು ಹಲ್ಲು ಜೋಡಿಸುವ ಹಾಗೆಯೇ ನಡುಗೆರೆಯಿಂದ ಹೊರಟು, ಎಡಕ್ಕೊಂದು ಬಲಕ್ಕೊಂದು ಕೂದಲು ಗಂಟು ಹಾಕುತ್ತಾ ಹೋದರು. ಗುರುವಾರ ಎರಡೂ ಕಡೆ ಅರ್ಧಕ್ಕೆ ಬಂತು. ಶುಕ್ರವಾರ ಊಟಕ್ಕೂ ಏಳಲಿಲ್ಲ. ಗದ್ದ ಊರಿ ಎದುರಿಗೆ ಕೂತಿದ್ದ ಭಾವಮೈದ, "ಭಾವ, ಎಡಗಡೆ ಒಂಚೂರು ಕೆಳಗಿದೆ" ಎಂದ.

"ಬೇಕಂತಲೇ ಇಟ್ಟಿದೀನಿ. ಎರಡೂ ಕಡೆ ಒಂದೇ ಸಮ ಇದ್ರೆ, ಕಟ್ಟಿಸಿದ ಹಲ್ಲು ಅಂತ ಜನಕ್ಕೆ ಗೊತ್ತಾಗೋದೇ ಹಾಗೆ."

"ಬಿಳಿ ಕೂದಲು ಯಾಕೆ ಹಾಕ್ತಿದೀರಾ? ನನಗೆ ಬಿಳಿ ಇರಲಿಲ್ಲ."

"ಹನ್ನೊಂದು ಇತ್ತು. ನೀನು ಹಚ್ಚಿದ ಬಣ್ಣ ನಿಮ್ಮಕ್ಕ ತೊಳೆದಾಗ ಬಿಟ್ಟುಹೋಯ್ತು. ಎರಡು ಇರಲಿ ಬಿಡು, ನಂಬಿಕೆ ಬರುತ್ತೆ."

ಶನಿವಾರ ಬೆಳಿಗ್ಗೆ, ಹಲ್ಲಿನ ಸೆಟ್ಟು ಬಾಯಲ್ಲಿ ಕಚ್ಚಿಕೊಳ್ಳಲು ಹಚ್ಚುವ ಅಂಟಿನಿಂದ ಮೀಸೆಯನ್ನು ಕೂರಿಸಿದರು. ಭಾವಮೈದ ಕನ್ನಡಿ ನೋಡಿದ. ಪಕ್ಕಕ್ಕೆ ತಿರುಗಿ ನೋಡಿದ. ನಕ್ಕು ನೋಡಿದ, ಸೀನಿ ನೋಡಿದ. ಆಮೇಲೆ ಬಗ್ಗಿ ಭಾವನ ಕಾಲು ಮುಟ್ಟಿದ. ಟೀಚರು ಕನ್ನಡಕ ತೆಗೆದು ಒರೆಸಿಕೊಂಡು, "ರೀ, ಇದು ಮಾತ್ರ ಚೆನ್ನಾಗಿದೆ" ಎಂದರು. ಮದುವೆಯಾಗಿ ಇಪ್ಪತ್ತಾರು ವರ್ಷಕ್ಕೆ ಹೆಂಡತಿಯ ಬಾಯಿಂದ ಬಂದ ಆ ಮಾತಿಗೆ ಸೆಟ್ಟಪ್ಪನವರು ಅರ್ಧ ಗಂಟೆ ನೆಲದ ಮೇಲೆ ನಡೆಯಲಿಲ್ಲ. ಅವತ್ತು ಫೋಟೋ ನಿರ್ವಿಘ್ನವಾಗಿ ಮುಗಿಯಿತು. ಗೇಣು ದೂರದಿಂದ ತೆಗೆದರಂತೆ, ಯಾರಿಗೂ ಸುಳಿವು ಹತ್ತಲಿಲ್ಲ.

ಈ ಸಂಭ್ರಮದಲ್ಲಿ ಪ್ರದರ್ಶನದ ಮೂರ್ತಿ ಹಿಂದೆ ಬಿದ್ದಿತ್ತು. ಅಚ್ಚಿಗೆ ಪ್ಲಾಸ್ಟರ್ ಸುರಿದು ತೆಗೆದಾಗ ಮುಖ ಚೆನ್ನಾಗಿಯೇ ಬಂತು. ಆದರೆ ಅಚ್ಚಿನಲ್ಲಿ ಗರಗಸ ಆಡಿಸಿದ ಕಡೆ, ಮೂಗಿನ ಕೆಳಗೆ, ಬರೀ ಒಂದು ಗಡ್ಡೆ. ಭಾನುವಾರ ಬೆಳಿಗ್ಗೆ ಹೊರಡುವ ಗಡಿಬಿಡಿಯಲ್ಲಿ ಆ ಗಡ್ಡೆಯನ್ನು ಕೆರೆದು, ಮಣ್ಣನ್ನು ಎರಡು ಬತ್ತಿಯಂತೆ ಹೊಸೆದು, ಮೀಸೆ ಎಂದು ಅಂಟಿಸಿ ಒಯ್ದರು.

ಲೈಬ್ರರಿಯ ಓದುವ ಕೋಣೆಯಲ್ಲಿ, ಕಸೂತಿ ಮಾಡಿದ ದಿಂಬಿಗೂ ಬೆಂಕಿಕಡ್ಡಿಯ ಹಡಗಿಗೂ ನಡುವೆ ಮೂರ್ತಿಯನ್ನಿಟ್ಟರು. ಪಕ್ಕದಲ್ಲಿ ಮೂರ್ತಿಯ ಮೂಲಪುರುಷ, ಅಂದರೆ ಭಾವಮೈದ, ಕೆಂಪು ಕೋಟಿನಲ್ಲೇ ನಿಂತ. ಅವನ ಜೊತೆ ಹೋಟೆಲಿನ ಮ್ಯಾನೇಜರೂ ಬಂದಿದ್ದರು. ತಮ್ಮ ಬಾಗಿಲಿನ ಮನುಷ್ಯನ ಮೂರ್ತಿ ಎಂದರೆ ಹೋಟೆಲಿಗೇ ಗೌರವವಲ್ಲವೇ? ತೀರ್ಪುಗಾರರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮೂರ್ತಿಯ ಸುತ್ತ ಎರಡು ಸುತ್ತು ಬಂದರು.

"ಇದನ್ನ ಮಾಡಿದೋರು ಯಾರು?"

ಸೆಟ್ಟಪ್ಪನವರು ಮುಂದೆ ಬಂದರು. "ನಾನು ಸಾರ್."

"ಹಣೆ ಪರವಾಗಿಲ್ಲ. ಮೂಗೂ ಸರಿ. ಆದ್ರೆ ಈ ಮೀಸೆ... ನೀವು ಯಾವತ್ತಾದ್ರೂ ಮೀಸೇನ ಹತ್ತಿರದಿಂದ ನೋಡಿದೀರಾ?"

"ಸ್ವಲ್ಪ ನೋಡಿದೀನಿ ಸಾರ್."

"ನೋಡಿದ ಹಾಗಿಲ್ಲ. ಬನ್ನಿ ಇಲ್ಲಿ." ಮೇಷ್ಟ್ರು ಭಾವಮೈದನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದರು. "ಎಡಗಡೆ ಒಂದು ಕೂದಲೆಳೆಯಷ್ಟು ಕೆಳಗಿದೆ, ನೋಡಿ. ಅದು ಪ್ರಕೃತಿ. ಈ ಬಿಳಿ ಕೂದಲು ನೋಡಿ, ಎಂಥಾ ಜಾಗದಲ್ಲಿ ಬಂದು ಕೂತಿದೆ. ಮನುಷ್ಯನ ಕೈಲಿ ಇದು ಸಾಧ್ಯಾನಾ?" ಎನ್ನುತ್ತಾ ಮೀಸೆಯ ತುದಿ ಹಿಡಿದು ಮೆಲ್ಲಗೆ ಜಗ್ಗಿದರು. ಮೂವರ ಉಸಿರು ನಿಂತಿತು. ಅಂಟು ಅಲುಗಲಿಲ್ಲ.

ಸೆಟ್ಟಪ್ಪನವರಿಗೆ ತಡೆಯಲಾಗಲಿಲ್ಲ. ಜೀವಮಾನದ ಹೊಗಳಿಕೆ ಕಣ್ಣೆದುರಿಗೇ ಬಂದು ವಿಳಾಸ ತಪ್ಪಿ ಹೋಗುತ್ತಿತ್ತು. "ಸಾರ್, ಆ ಮೀಸೆ..." ಎಂದು ಬಾಯಿ ತೆರೆದರು. ಮ್ಯಾನೇಜರು ತಿರುಗಿ ನೋಡಿದರು. ಭಾವಮೈದನ ಕಣ್ಣಿನಲ್ಲಿ ಬುಧವಾರದ ಅಳು ಇಣುಕಿತು. ಸೆಟ್ಟಪ್ಪನವರು ಉಗುಳು ನುಂಗಿ ಹೇಳಿದರು: "...ಆ ಮೀಸೆ ನೋಡಿ ಕಲೀತೀನಿ ಸಾರ್."

"ಕಲೀಬೇಕು" ಎಂದು ಮೇಷ್ಟ್ರು ತಮ್ಮ ಹಾಳೆಯಲ್ಲಿ ಏನೋ ಗೀಚಿಕೊಂಡು, ಭಾವಮೈದನ ಬೆನ್ನು ತಟ್ಟಿದರು. ಟೀಚರು ನಗು ತಡೆಯಲಾರದೆ ಪುಸ್ತಕದ ಕಪಾಟಿನ ಹಿಂದೆ ಹೋದರು. ಸೆಟ್ಟಪ್ಪನವರ ಎದೆಯಂತೂ, ಅಷ್ಟು ಬೈಸಿಕೊಂಡ ಮೇಲೂ, ಅಂಗಿಯ ಗುಂಡಿ ಕಿತ್ತುಬರುವಷ್ಟು ಉಬ್ಬಿತ್ತು. ಅದನ್ನು ತೋರಿಸಿಕೊಳ್ಳುವ ಹಾಗಿರಲಿಲ್ಲ, ಅಷ್ಟೆ.

ಅತ್ತ ಭಾವಮೈದನಿಗೆ ಹೊಗಳಿಕೆ ನೆತ್ತಿಗೇರಿತ್ತು. ಮ್ಯಾನೇಜರ ಮುಂದೆ ಮೀಸೆಯ ಮೇಲೆ ಕೈಯಾಡಿಸಿಕೊಂಡು, ಸೆಟ್ಟಪ್ಪನವರ ಹೆಗಲ ಮೇಲೆ ಕೈಯಿಟ್ಟು, ತುಂಬಿದ ಕನಿಕರದಿಂದ ಹೇಳಿದ:

"ಬೇಜಾರು ಮಾಡ್ಕೋಬೇಡಿ ಭಾವ. ಇಂಥ ಮೀಸೆ ನಿಮ್ಮ ಕೈಲಿ ಆಗೋ ಕೆಲಸ ಅಲ್ಲ."