ದೆವ್ವಕ್ಕೊಂದು ಪಾಟೀಸವಾಲು

ಯಾದಗಿರಿ ಜಿಲ್ಲೆಯಲ್ಲಿ ದೆವ್ವಕ್ಕೆ ಹೆದರುವ ಜನ ಬೇಕಾದಷ್ಟಿದ್ದಾರೆ. ಆದರೆ ದೆವ್ವಗಳೇ ಹೆದರುವ ಮನುಷ್ಯ ಒಬ್ಬನೇ, ನಮ್ಮ ಸೋದರಮಾವ! ಶಹಾಪುರದ ಕೋರ್ಟಿನಲ್ಲಿ ಗುಮಾಸ್ತನಾಗಿದ್ದು ನಿವೃತ್ತನಾದವನು. ವಕೀಲರ ಪಾಟೀಸವಾಲು ಕೇಳಿ ಕೇಳಿ ಅದು ಅವನ ರಕ್ತಕ್ಕಿಳಿದಿದೆ. ಪಿಂಚಣಿ ಶುರುವಾದ ಮೇಲೆ ಸವಾಲು ಹಾಕಲು ಮನುಷ್ಯರು ಸಿಗದೆ ದೆವ್ವಗಳ ಬೆನ್ನು ಹತ್ತಿದ್ದಾನೆ.

ಹಾಗಂತ ಅವನು ನಾಸ್ತಿಕನಲ್ಲ. "ದೆವ್ವ ಇಲ್ಲಂತ ನಾ ಎಲ್ಲಿ ಅಂದೀನಿ? ಸಾಕ್ಷಿ ತರ್ರಿ, ನಾನೇ ಎದ್ದು ನಮಸ್ಕಾರ ಮಾಡ್ತೀನಿ," ಎನ್ನುತ್ತಾನೆ. ಅವನ ಕೈಚೀಲದಲ್ಲಿ ಅಳತೆಯ ಟೇಪು, ಬ್ಯಾಟರಿ, ಭೂತಗನ್ನಡಿ ಸದಾ ಸಿದ್ಧ. ಭೂತವೊಂದು ಸಿಕ್ಕಿಲ್ಲ, ಅಷ್ಟೇ! ತನಿಖೆ ಮಾತ್ರ ಹಗಲಲ್ಲೇ. ಯಾಕೆಂದು ಕೇಳಿದರೆ, ಕತ್ತಲಲ್ಲಿ ಕಂಡದ್ದು ಕೋರ್ಟಿನಲ್ಲಿ ನಿಲ್ಲುವುದಿಲ್ಲವಂತೆ. ಅವನಿಗೂ ಒಳಗೊಳಗೆ ಅಳುಕು ಇರಬಹುದೇ ಎಂದು ನನಗೆ ಅನುಮಾನ.

ಒಮ್ಮೆ ಹುಣಸಗಿ ಕಡೆ ಕಾಲುವೆ ದಂಡೆಯ ಮೇಲೆ ಬಿಳಿ ಸೀರೆಯ ಹೆಂಗಸು ಕಾಣುತ್ತಾಳೆಂದು ಸುದ್ದಿ ಬಂತು. ಮಾಮಾ ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದ. ಸುದ್ದಿ ಹಬ್ಬಿಸಿದ್ದ ಗೊಬ್ಬರದಂಗಡಿಯವನ ಎದುರು ನಿಂತು, "ಕಣ್ಣಾರೆ ನೋಡೀರೇನ್ರಿ, ಯಾರರ ಹೇಳಿದ್ದು ಕೇಳೀರೇನ್ರಿ?" ಎಂದು ಶುರು ಮಾಡಿದ. ಅಂಗಡಿಯವನಿಗೆ ಹೇಳಿದ್ದು ಸುರಪುರದ ಷಡ್ಡಕನಂತೆ. ಸುರಪುರಕ್ಕೆ ಹೋದರೆ, ಷಡ್ಡಕನಿಗೆ ಹೇಳಿದ್ದು ಒಬ್ಬ ಮಾಸ್ತರ. ಮಾಸ್ತರನಿಗೆ ಹೇಳಿದ್ದು ಹಾಲು ಹಾಕುವವಳು. ಅವಳನ್ನು ಹುಡುಕಿ ಕೇಳಿದರೆ, ಅವಳಿಗೆ ಹೇಳಿದ್ದು ಹುಣಸಗಿಯ ಅದೇ ಗೊಬ್ಬರದಂಗಡಿಯವನು! ಮಾಮಾ ಪರಮಾನಂದದಿಂದ ಕೇಸು ವಜಾ ಮಾಡಿ, ನನಗೆ ಮಿರ್ಚಿ ಭಜಿ ಕೊಡಿಸಿದ.

ಶಿರವಾಳದ್ದು ಇನ್ನೂ ದೊಡ್ಡ ಕಥೆ. ಅಲ್ಲಿನ ಹಳೆಯ ಗುಡಿಯೊಂದರಲ್ಲಿ ಮಧ್ಯಾಹ್ನ ಯಾರೋ ನರಳುತ್ತಾರೆಂದು ಕೇಳಿ, ಮಾಮಾ ಬುತ್ತಿ ಕಟ್ಟಿಕೊಂಡು ಹೋದ. ಉಂಡು, ಮೊಬೈಲಿನಲ್ಲಿ ರೆಕಾರ್ಡಿಂಗ್ ಹಚ್ಚಿ, ಕಂಬಕ್ಕೆ ಒರಗಿ ಕೂತನಂತೆ. ಸಂಜೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂಡಿಸಿ ಕೇಳಿಸಿದ. ನಿಜಕ್ಕೂ ಸದ್ದಿತ್ತು! ಗೊರಗೊರ ಏರುವುದು, ನಡುವೆ ಉಸಿರು ಕಟ್ಟಿದಂತೆ ನಿಲ್ಲುವುದು, ಮತ್ತೆ ಸೀಟಿ ಹೊಡೆಯುತ್ತ ಇಳಿಯುವುದು. ನಮಗೆಲ್ಲ ಮೈ ಜುಮ್ಮೆಂದಿತು. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಅತ್ತೆ, ಮಾಮಾನ ಹೆಂಡತಿ, ಮಾತ್ರ ಹೊರಗೂ ಬರಲಿಲ್ಲ.

"ಈ ದೆವ್ವದ ಜೋಡಿನೇ ನಾ ಇಷ್ಟು ವರ್ಷ ಸಂಸಾರ ಮಾಡೀನಿ," ಎಂದರು.

ಮಾಮಾ ಗಂಭೀರವಾಗಿ ಅವರನ್ನು ಪ್ರತ್ಯಕ್ಷ ಸಾಕ್ಷಿಯೆಂದು ಒಪ್ಪಿಕೊಂಡ.

ಹೋದ ವರ್ಷ ನನ್ನ ಅವ್ವ ತೀರಿಕೊಂಡಳು. ಮಾಮಾನ ಸ್ವಂತ ಅಕ್ಕ. ನಮ್ಮಲ್ಲೊಂದು ರೂಢಿಯಿದೆ: ಜೀವ ಹೋದ ಜಾಗದಲ್ಲಿ ಹಿಟ್ಟು ಹರವಿ, ಹೋದವರಿಗೆ ಇಷ್ಟವಾದದ್ದನ್ನು ಪಕ್ಕದಲ್ಲಿಟ್ಟು, ಬುಟ್ಟಿ ಕವುಚಿ ಬಾಗಿಲು ಮುಚ್ಚುತ್ತಾರೆ. ಬೆಳಗ್ಗೆ ಹಿಟ್ಟಿನ ಮೇಲೆ ಗುರುತು ಮೂಡಿದ್ದರೆ ಜೀವ ಬಂದು, ತೃಪ್ತಿಪಟ್ಟು ಹೋಯಿತೆಂದು ಅರ್ಥ. ನನ್ನ ಹೆಂಡತಿ ಒಂದು ಕಪ್ ಚಹಾ ಇಟ್ಟಿದ್ದಳು, ಸಕ್ಕರೆ ಸುರಿದು. ಅವ್ವನಿಗೆ ಸಕ್ಕರೆ ಕಾಯಿಲೆ. ಕೊನೆಯ ದಿನ ಸಿಹಿ ಚಹಾ ಬೇಡಿದಾಗ ಇವಳು ಡಾಕ್ಟರ ಮಾತು ನೆನೆದು ಕೊಟ್ಟಿರಲಿಲ್ಲ. ಹಿಟ್ಟಿನ ಮೇಲೆ ಗುರುತಿಲ್ಲದಿದ್ದರೆ ಅವ್ವ ತನ್ನ ಮೇಲೆ ಮುನಿಸಿಕೊಂಡೇ ಹೋದಳು ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಊಟ, ನಿದ್ದೆ ಎರಡೂ ಬಿಟ್ಟಿದ್ದಳು.

ಬೆಳಗ್ಗೆ ಬುಟ್ಟಿ ಎತ್ತುವವರು ಯಾರು? ಮಾಮಾನೇ! ದೆವ್ವದ ಪರವಾಗಿ ಈ ಮನುಷ್ಯ ಈವರೆಗೆ ಒಂದಾದರೂ ಸಾಕ್ಷಿ ಒಪ್ಪಿದ್ದಾನೆಯೇ? ಗುರುತಿದ್ದರೂ ಹಲ್ಲಿಯದೆಂದೋ ಇರುವೆಯದೆಂದೋ ಹೇಳಿದರೆ ಇವಳ ಗತಿಯೇನು? ಅವನು ಯಾರನ್ನೂ ಬಿಟ್ಟುಕೊಳ್ಳದೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡ.

ಸ್ವಲ್ಪ ಹೊತ್ತಿಗೆ ನಮ್ಮನ್ನು ಕರೆದ. ಹಿಟ್ಟಿನ ನಡುವೆ ಕೂಸಿನ ಪಾದದಷ್ಟು ಪುಟ್ಟ ಹೆಜ್ಜೆ ಮೂಡಿತ್ತು. ಕಪ್ಪಿನಲ್ಲಿ ಚಹಾ ಅರ್ಧಕ್ಕಿಳಿದಿತ್ತು.

"ನಮ್ಮಕ್ಕ ಬಂದಿದ್ಳವ್ವಾ. ಚಹಾ ಕುಡದು ಹೋಗ್ಯಾಳ. ನಿನ್ನ ಮ್ಯಾಲ ಸಿಟ್ಟಿಲ್ಲ," ಎಂದ ಮಾಮಾ.

"ಖರೇನ್ರಿ ಮಾಮಾರ?"

"ನಾ ಯಾವತ್ತರ ಸುಳ್ಳು ಸಾಕ್ಷಿ ಒಪ್ಪೀನೇನವ್ವಾ?"

ಬೇರೆ ಯಾರೇ ಹೇಳಿದ್ದರೂ ಇವಳು ನಂಬುತ್ತಿರಲಿಲ್ಲ. ಮಾಮಾನೇ ಒಪ್ಪಿದ ಮೇಲೆ ಇನ್ನೇನಿದೆ? ಮನಸಾರೆ ಅತ್ತಳು, ಅಳುತ್ತಲೇ ನಕ್ಕಳು. ಅವಳ ತಲೆ ಸವರಲು ಮಾಮಾ ಕೈ ಎತ್ತಿದಾಗ ನಾನು ಕಂಡೆ. ಹಬ್ಬದಲ್ಲಿ ಪುಟ್ಟ ಹೆಜ್ಜೆ ಮೂಡಿಸಲು ಮುಷ್ಟಿ ಒತ್ತುತ್ತಾರಲ್ಲ, ಆ ಕಡೆ, ಕಿರುಬೆರಳಿನುದ್ದಕ್ಕೂ ಹಿಟ್ಟು ಮೆತ್ತಿತ್ತು. ಮೀಸೆಯಲ್ಲಿ ಚಹಾದ ಹನಿ. ಈ ಮೊಂಡ ಮನುಷ್ಯನ ಮೇಲೆ ನನಗೆ ಅಷ್ಟು ಪ್ರೀತಿ ಉಕ್ಕಿದ್ದು ಹಿಂದೆಂದೂ ಇಲ್ಲ. ಆ ಕೈ ಅವಳ ತಲೆ ಮುಟ್ಟುವ ಮೊದಲೇ ಹಿಡಿದುಕೊಂಡು, ಹಿತ್ತಲಿಗೆ ಕರೆದೊಯ್ದು, ತಂಬಿಗೆಯ ನೀರು ಸುರಿದೆ, ಎಳ್ಳಷ್ಟೂ ಸಾಕ್ಷಿ ಉಳಿಯದಂತೆ.